ಪ್ರಿಂಟರ್ ಮುಷ್ಕರ ಹೂಡಿದ ರಾತ್ರಿ

ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಪ್ರಾಜೆಕ್ಟ್ ವರದಿ ಒಪ್ಪಿಸಬೇಕು. ಅರವತ್ತು ಪುಟಗಳ ವರದಿ ಕಂಪ್ಯೂಟರಿನಲ್ಲಿ ಸಿದ್ಧವಾಗಿ ಕುಳಿತಿದೆ. ರಾತ್ರಿ ಹನ್ನೊಂದೂವರೆಗೆ ಮಗಳು ಪ್ರಿಂಟ್ ಗುಂಡಿ ಒತ್ತುತ್ತಾಳೆ. ಪ್ರಿಂಟರ್ ಒಮ್ಮೆ ಗುರ್ರೆಂದು ಸುಮ್ಮನಾಗುತ್ತದೆ. ಮತ್ತೆ ಒತ್ತುತ್ತಾಳೆ, ಈ ಸಲ ಗುರ್ರೆನ್ನುವುದೂ ಇಲ್ಲ. ವಯರುಗಳನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸಿದ್ದಾಯಿತು, ಪ್ರಿಂಟರಿನ ತಲೆಯ ಮೇಲೆ ಎರಡು ಏಟು ಕೊಟ್ಟದ್ದೂ ಆಯಿತು. ನಿದ್ದೆಗಣ್ಣಿನಲ್ಲಿ ಎದ್ದು ಬಂದ ಅಪ್ಪ ‘ಕೊನೇ ಗಳಿಗೆವರೆಗೂ ಏನು ಮಾಡ್ತಿದ್ದೆ?’ ಎಂದು ಗದರುತ್ತಾರೆ. ಪಕ್ಕದ ಮನೆಯ ಎಂಜಿನಿಯರ್ ಹುಡುಗನನ್ನು ಎಬ್ಬಿಸಲೇ ಎಂದು ಅಮ್ಮ ಕೇಳುತ್ತಾರೆ. ಸೆಮಿಸ್ಟರ್ ಮುಗಿಯುವ ದಿನಗಳಲ್ಲಿ ಎಷ್ಟೋ ಮನೆಗಳಲ್ಲಿ ನಡೆಯುವ ನಾಟಕ ಇದು.

ನಾಟಕದ ಎರಡನೇ ಅಂಕ ಮರುದಿನ ರಿಪೇರಿ ಅಂಗಡಿಯಲ್ಲಿ. ‘ಕೆಲಸ ಮಾಡ್ತಿಲ್ಲ, ನೋಡಿ’ ಎಂದು ಯಂತ್ರವನ್ನು ಮೇಜಿನ ಮೇಲಿಟ್ಟರೆ ಅಲ್ಲಿಂದ ಬರುವ ತೀರ್ಪು ಅನೇಕ ವೇಳೆ ಎರಡರಲ್ಲಿ ಒಂದು: ‘ಬೋರ್ಡ್ ಹೋಗಿದೆ’, ಇಲ್ಲವೇ ‘ಫಾರ್ಮ್ಯಾಟ್ ಮಾಡಬೇಕು’. ಮೊದಲನೆಯದು ಹೆತ್ತವರ ಜೇಬಿಗೆ ಕತ್ತರಿ. ಎರಡನೆಯದು ಅದಕ್ಕಿಂತ ಅಪಾಯಕಾರಿ. ಫಾರ್ಮ್ಯಾಟ್ ಎಂದರೆ ಸ್ಲೇಟು ಒರೆಸಿದಂತೆ. ವರದಿ, ಫೋಟೊ, ಅಂಕಪಟ್ಟಿಯ ಪ್ರತಿ ಎಲ್ಲವೂ ಅದರೊಂದಿಗೆ ಹೋದಾವು. ರಿಪೇರಿಯವರೆಲ್ಲ ಮೋಸಗಾರರೆಂದು ಇದರ ಅರ್ಥವಲ್ಲ. ಜ್ವರ ಎಂದಷ್ಟೇ ಹೇಳಿದರೆ ವೈದ್ಯರಾದರೂ ಏನು ಮಾಡಿಯಾರು? ಯಾವಾಗಿನಿಂದ, ಚಳಿಯೂ ಇದೆಯೇ, ನಿನ್ನೆ ಏನು ತಿಂದಿರಿ ಎಂದು ಕೇಳುತ್ತಾರೆ. ಕಂಪ್ಯೂಟರಿನ ವಿಷಯದಲ್ಲಿ ಆ ಪ್ರಶ್ನೆಗಳನ್ನು ಮನೆಯವರೇ ಕೇಳಿಕೊಂಡರೆ ಬಹಳಷ್ಟು ತೊಂದರೆ ಮನೆಯಲ್ಲೇ ಪರಿಹಾರವಾಗುತ್ತದೆ. ಉಳಿದದ್ದಕ್ಕೆ ರಿಪೇರಿಯವರಿಗೆ ಸರಿಯಾದ ಸುಳಿವಾದರೂ ಸಿಗುತ್ತದೆ.

ದೋಷ ಹುಡುಕುವ ಈ ಕಲೆಗೆ ಕಂಪ್ಯೂಟರಿನಷ್ಟೇ ವಯಸ್ಸು. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್-2 ಎಂಬ ಭಾರೀ ಗಣಕಯಂತ್ರ ತಪ್ಪು ಲೆಕ್ಕ ಕೊಡತೊಡಗಿತು. ತಂತ್ರಜ್ಞರು ಒಂದೊಂದೇ ಭಾಗ ಪರೀಕ್ಷಿಸುತ್ತ ಹೋಗಿ 70ನೇ ರಿಲೇಯೊಳಗೆ ಸಿಕ್ಕಿಕೊಂಡಿದ್ದ ಪತಂಗವೊಂದನ್ನು ಹೊರತೆಗೆದರು. ದೋಷಕ್ಕೆ ‘ಬಗ್’ ಅಂದರೆ ಹುಳು ಎನ್ನುವ ರೂಢಿ ಎಡಿಸನ್ ಕಾಲದಿಂದಲೇ ಇತ್ತು; ಆದರೆ ನಿಜವಾದ ಹುಳುವೇ ಸಿಕ್ಕಿದ್ದು ಆಗ! ಅವರು ಅದನ್ನು ಎಸೆಯಲಿಲ್ಲ. ವೇಳೆಯನ್ನು ಬರೆದು, ದಿನಚರಿಯ ಪುಟಕ್ಕೆ ಟೇಪಿನಿಂದ ಅಂಟಿಸಿದರು. ಆ ಪುಟ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿದೆ. ಒಂದು ಸಲಕ್ಕೆ ಒಂದೇ ಭಾಗ ನೋಡುವುದು, ಕಂಡದ್ದನ್ನು ಬರೆದಿಡುವುದು: ಇವೆರಡನ್ನೂ ಬಿಟ್ಟು ಒಟ್ಟಿಗೆ ಹತ್ತು ವಯರು ಕಿತ್ತರೆ, ಪ್ರಿಂಟರ್ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ಪತ್ರ ಎಲ್ಲಿ ನಿಂತಿತು?

ಪರ ಊರಿಗೆ ಹಾಕಿದ ಪತ್ರ ತಲುಪದಿದ್ದರೆ ಹೇಗೆ ವಿಚಾರಿಸುತ್ತೇವೆ? ಡಬ್ಬಿಗೆ ಬಿತ್ತೇ, ಅಂಚೆ ಕಚೇರಿ ದಾಟಿತೇ, ವಿಳಾಸ ಸರಿಯಿತ್ತೇ, ಮನೆಯಲ್ಲಿ ತೆಗೆದುಕೊಳ್ಳುವವರಿದ್ದರೇ? ಕಂಪ್ಯೂಟರಿನಿಂದ ಕಾಗದದವರೆಗಿನ ದಾರಿಯೂ ಹೀಗೆಯೇ. ವರದಿ ಬರೆದ ತಂತ್ರಾಂಶ ಪುಟವನ್ನು ವಿಂಡೋಸ್‌ಗೆ ಒಪ್ಪಿಸುತ್ತದೆ. ಡ್ರೈವರ್ ಎಂಬ ದುಭಾಷಿ ಅದನ್ನು ಪ್ರಿಂಟರಿನ ಭಾಷೆಗೆ ತಿರುಗಿಸುತ್ತದೆ. ಸ್ಪೂಲರ್ ಎಂಬ ಗುಮಾಸ್ತ ಸರದಿ ಪ್ರಕಾರ ಕೇಬಲ್ ಅಥವಾ ವೈ-ಫೈ ಮೂಲಕ ಕಳಿಸುತ್ತಾನೆ. ಕೊನೆಗೆ ಪ್ರಿಂಟರ್ ಅಚ್ಚು ಹಾಕುತ್ತದೆ. ಕೆಟ್ಟಿರುವುದು ಈ ದಾರಿಯ ಯಾವ ನಿಲ್ದಾಣ ಎಂದು ತಿಳಿದರೆ ಅರ್ಧ ಕೆಲಸ ಮುಗಿಯಿತು.

ಹುಡುಕುವುದನ್ನು ಕೊನೆಯ ನಿಲ್ದಾಣದಿಂದಲೇ ಶುರುಮಾಡುವುದು ಜಾಣತನ. ಈಗ ಮನೆಗಳಲ್ಲಿರುವ ಎಷ್ಟೋ ಪ್ರಿಂಟರುಗಳಿಗೆ ಮೇಲೊಂದು ಗಾಜಿದೆ, ಜೆರಾಕ್ಸ್ ಗುಂಡಿಯೂ ಇದೆ. ಕಂಪ್ಯೂಟರಿನ ಗೊಡವೆಯೇ ಇಲ್ಲದೆ, ಗಾಜಿನ ಮೇಲೊಂದು ಪುಸ್ತಕ ಮಗುಚಿಟ್ಟು ಆ ಗುಂಡಿ ಒತ್ತಿ ನೋಡಿ. ಪ್ರತಿ ಚೆನ್ನಾಗಿ ಬಂತೇ? ಹಾಗಿದ್ದರೆ ಪ್ರಿಂಟರ್, ಶಾಯಿ, ಕಾಗದ ಮೂರೂ ನಿರಪರಾಧಿಗಳು. ತಪ್ಪು ಕಂಪ್ಯೂಟರಿನಲ್ಲೋ ನಡುವಿನ ದಾರಿಯಲ್ಲೋ ಇದೆ. ಬರಲಿಲ್ಲವೇ? ಇನ್ನು ಕಂಪ್ಯೂಟರನ್ನು ಬೈದು ಫಲವಿಲ್ಲ. ಗಾಜಿಲ್ಲದ ಪ್ರಿಂಟರುಗಳಲ್ಲೂ ತಾನೇ ಒಂದು ಪರೀಕ್ಷಾ ಪುಟ ಮುದ್ರಿಸುವ ವ್ಯವಸ್ಥೆ ಸಾಮಾನ್ಯವಾಗಿ ಇರುತ್ತದೆ. ಯಾವ ಗುಂಡಿ ಎಂಬುದು ಕೈಪಿಡಿಯಲ್ಲಿದೆ. ಒಂದು ನಿಮಿಷದ ಈ ಪರೀಕ್ಷೆ ಮಾಡದೆ ಹೊಸ ಕಾರ್ಟ್ರಿಜ್ ಕೊಂಡು ತಂದವರು ಬಹಳ ಮಂದಿ.

ತಪ್ಪು ಪ್ರಿಂಟರಿನದಲ್ಲ ಎಂದಾದರೆ ಮೊದಲು ಸಂಶಯಿಸಬೇಕಾದ್ದು ಸರದಿಯನ್ನು. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಮೊದಲು ನಿಂತವರ ಕಾರ್ಡಿನದೇ ತಕರಾರಾದರೆ ಹಿಂದಿನವರೆಲ್ಲ ಕಾಯಬೇಕಷ್ಟೆ. ಇಲ್ಲೂ ಹಾಗೆಯೇ. ಮೊನ್ನೆ ಅರ್ಧಕ್ಕೆ ನಿಂತ ಯಾವುದೋ ಫೈಲ್ ಸಾಲಿನ ತಲೆಯಲ್ಲಿ ಕುಳಿತಿದ್ದರೆ ಇಂದಿನ ವರದಿ ಮುಂದೆ ಹೋಗುವುದಿಲ್ಲ. ಗಾಬರಿಯಲ್ಲಿ ಹತ್ತು ಸಲ ಪ್ರಿಂಟ್ ಒತ್ತಿದರೆ ಅದೇ ವರದಿ ಹತ್ತು ಸಲ ಸಾಲಿಗೆ ಸೇರುತ್ತದೆ; ದಾರಿ ತೆರವಾದೊಡನೆ ಆರುನೂರು ಹಾಳೆಗಳ ಮೆರವಣಿಗೆ ಹೊರಡುತ್ತದೆ! ಪ್ರಿಂಟರಿನ ಸರದಿ ತೆರೆದು ಎಲ್ಲವನ್ನೂ ರದ್ದುಮಾಡಿ, ಒಂದೇ ಪುಟ ಕಳಿಸಿ ನೋಡಬೇಕು.

ರದ್ದು ಮಾಡಿದರೂ ಹೋಗದೆ ಹಟ ಹಿಡಿಯುವ ಫೈಲುಗಳಿರುತ್ತವೆ. ಆಗ ಗುಮಾಸ್ತನನ್ನೇ ಎಬ್ಬಿಸಬೇಕು. ವಿಂಡೋಸ್‌ನ ಹುಡುಕು ಪೆಟ್ಟಿಗೆಯಲ್ಲಿ ‘ಸರ್ವೀಸಸ್’ ಎಂದು ಟೈಪ್ ಮಾಡಿ ತೆರೆದರೆ ಉದ್ದನೆಯ ಪಟ್ಟಿ ಬರುತ್ತದೆ. ಅದರಲ್ಲಿ ‘ಪ್ರಿಂಟ್ ಸ್ಪೂಲರ್’ ಆರಿಸಿ ನಿಲ್ಲಿಸಬೇಕು. ಆಮೇಲೆ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಎಂಬ ಫೋಲ್ಡರಿಗೆ ಹೋಗಿ ಅಲ್ಲಿರುವ ಫೈಲುಗಳನ್ನು ಮಾತ್ರ ಅಳಿಸಿ, ಸ್ಪೂಲರನ್ನು ಮತ್ತೆ ಶುರುಮಾಡಬೇಕು. ಅಕ್ಕಪಕ್ಕದ ಫೋಲ್ಡರುಗಳಿಗೆ ಕೈಹಚ್ಚಬಾರದು. ಸಿಸ್ಟಮ್32 ವಿಂಡೋಸ್‌ನ ಗರ್ಭಗುಡಿ. ಹೇಳುವುದಕ್ಕೆ ಉದ್ದವಾದರೂ ಮಾಡುವುದಕ್ಕೆ ಮೂರು ನಿಮಿಷ ಸಾಕು. ‘ಬೋರ್ಡ್ ಹೋಗಿದೆ’ ಎನಿಸಿಕೊಂಡ ಪ್ರಿಂಟರೂ ಇಷ್ಟರಿಂದಲೇ ಎದ್ದು ಕುಳಿತೀತು.

ಎದುರಿಗೇ ದೀಪ ಉರಿಯುತ್ತಿರುವ ಪ್ರಿಂಟರನ್ನು ಕಂಪ್ಯೂಟರ್ ‘ಆಫ್‌ಲೈನ್’ ಎನ್ನುವುದು ಇನ್ನೊಂದು ತಮಾಷೆ. ವೈ-ಫೈ ಪ್ರಿಂಟರಿಗೆ ಮನೆಯ ರೌಟರ್ ಒಂದು ವಿಳಾಸ ಕೊಟ್ಟಿರುತ್ತದೆ. ಕರೆಂಟು ಹೋಗಿ ಬಂದಾಗ ರೌಟರ್ ಬೇರೆ ವಿಳಾಸ ಕೊಡಬಹುದು. ಕಂಪ್ಯೂಟರ್ ಮಾತ್ರ ಹಳೆಯ ವಿಳಾಸದ ಬಾಗಿಲನ್ನೇ ತಟ್ಟುತ್ತಿರುತ್ತದೆ. ರೌಟರ್, ಪ್ರಿಂಟರ್, ಕಂಪ್ಯೂಟರ್ ಈ ಕ್ರಮದಲ್ಲಿ ಆರಿಸಿ ಹಚ್ಚಿದರೆ ಅನೇಕ ವೇಳೆ ಸರಿಹೋಗುತ್ತದೆ. ಇಲ್ಲದಿದ್ದರೆ ಪ್ರಿಂಟರನ್ನು ಪಟ್ಟಿಯಿಂದ ತೆಗೆದು ಹೊಸದಾಗಿ ಸೇರಿಸಬೇಕು. ಕಾಲೇಜಿನಲ್ಲಿ ಬೇರೆ ಪ್ರಿಂಟರ್ ಬಳಸಿ ಬಂದ ಲ್ಯಾಪ್‌ಟಾಪ್ ಆಗಿದ್ದರೆ, ಮನೆಯಲ್ಲಿ ಕುಳಿತು ಕಾಲೇಜಿನ ಪ್ರಿಂಟರಿಗೇ ವರದಿ ಕಳಿಸುತ್ತಿರಬಹುದು! ಕೊನೆಗೆ ಬಳಸಿದ ಪ್ರಿಂಟರನ್ನೇ ಮುಖ್ಯ ಪ್ರಿಂಟರ್ ಎಂದುಕೊಳ್ಳುವ ಏರ್ಪಾಡು ವಿಂಡೋಸ್ 10 ಮತ್ತು 11ರಲ್ಲಿದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ತೆಗೆದುಹಾಕಬಹುದು.

ಕಾಗದ, ಶಾಯಿ, ಮಳೆಗಾಲ

ಹಳೆಯ ಎಚ್‌ಪಿ ಲೇಸರ್‌ಜೆಟ್ ಪ್ರಿಂಟರುಗಳು ಒಮ್ಮೊಮ್ಮೆ ‘ಪಿಸಿ ಲೋಡ್ ಲೆಟರ್’ ಎಂದು ತೋರಿಸಿ ನಿಂತುಬಿಡುತ್ತಿದ್ದವು. ಪಿಸಿ ಎಂದರೆ ಕಂಪ್ಯೂಟರ್, ಲೆಟರ್ ಎಂದರೆ ಪತ್ರ ಎಂದುಕೊಂಡು ತಲೆ ಕೆಡಿಸಿಕೊಂಡವರು ಅಸಂಖ್ಯ. 1999ರ ಹಾಲಿವುಡ್ ಚಿತ್ರ ‘ಆಫೀಸ್ ಸ್ಪೇಸ್’ನಲ್ಲಿ ಈ ಸಂದೇಶವೇ ಒಂದು ಹಾಸ್ಯ ಪ್ರಸಂಗ. ಅರ್ಥ ಇಷ್ಟೇ: ಪೇಪರ್ ಕ್ಯಾಸೆಟ್ಟಿಗೆ, ಅಂದರೆ ಕಾಗದದ ತಟ್ಟೆಗೆ, ಲೆಟರ್ ಅಳತೆಯ ಕಾಗದ ಹಾಕಿ. ಅಮೆರಿಕದ ಲೆಟರ್ ಕಾಗದ 216 ಮಿಲಿಮೀಟರ್ ಅಗಲ, 279 ಉದ್ದ. ನಮ್ಮ ಎ4 ಕಾಗದ 210 ಅಗಲ, 297 ಉದ್ದ. ಆ ಪ್ರಿಂಟರುಗಳು ಮೂಲೆ ಸೇರಿದರೂ ತೊಂದರೆ ಉಳಿದಿದೆ. ಫೈಲಿನಲ್ಲಿ ‘ಲೆಟರ್’ ಎಂದಿದ್ದು ತಟ್ಟೆಯಲ್ಲಿ ಎ4 ಇದ್ದರೆ ಪ್ರಿಂಟರ್ ಕಾಯುತ್ತ ನಿಲ್ಲಬಹುದು, ಇಲ್ಲವೇ ಅಂಚುಗಳು ಏರುಪೇರಾದಾವು. ವರದಿ ಬರೆಯುವ ಮೊದಲ ದಿನವೇ ಪುಟದ ಅಳತೆ ಎ4 ಮಾಡಿಕೊಂಡರೆ ಕೊನೆಯ ರಾತ್ರಿ ಪುಟಸಂಖ್ಯೆಗಳು ಅದಲುಬದಲಾಗುವುದೂ ತಪ್ಪುತ್ತದೆ.

ಶಾಯಿಯ ಪ್ರಿಂಟರಿನಲ್ಲಿ ಅಕ್ಷರಗಳ ನಡುವೆ ಬಿಳಿ ಗೆರೆ ಮೂಡಿದರೆ ಶಾಯಿ ಮುಗಿದಿದೆ ಎಂದೇ ಅರ್ಥವಲ್ಲ. ಕೂದಲೆಳೆಗಿಂತ ಸಣ್ಣ ರಂಧ್ರಗಳಲ್ಲಿ ಶಾಯಿ ಒಣಗಿರಬಹುದು. ‘ನಾಜಲ್ ಚೆಕ್’ ಮಾಡಿದರೆ ಯಾವ ಬಣ್ಣದ ರಂಧ್ರ ಕಟ್ಟಿದೆಯೆಂದು ಕಾಣುತ್ತದೆ. ಆಮೇಲೆ ‘ಹೆಡ್ ಕ್ಲೀನಿಂಗ್’. ಆದರೆ ಸರಿಹೋಗಲಿಲ್ಲವೆಂದು ಎಂಟು ಹತ್ತು ಸಲ ಅದನ್ನೇ ಮಾಡುತ್ತ ಕೂರಬಾರದು. ಪ್ರತಿ ಸಲವೂ ಶಾಯಿ ಖರ್ಚಾಗುತ್ತದೆ, ಆ ಶಾಯಿಯೆಲ್ಲ ಒಳಗಿನ ಹೀರುಗಾಗದಂಥ ಪದರಕ್ಕೆ ಸೇರುತ್ತದೆ. ಆ ಪದರ ತುಂಬಿತೆಂದು ಲೆಕ್ಕ ಬಂದ ದಿನ ಪ್ರಿಂಟರ್ ತಾನೇ ಕೆಲಸ ನಿಲ್ಲಿಸುವುದುಂಟು. ಎರಡು ಮೂರು ಸಲ ಮಾಡಿ, ಫಲ ಕಾಣದಿದ್ದರೆ ಕೆಲವು ಗಂಟೆ ಬಿಟ್ಟು ನೋಡಬೇಕು.

ರಂಧ್ರ ಒಣಗುವುದಕ್ಕೆ ಮನೆಯವರ ಮಿತವ್ಯಯವೂ ಕಾರಣ ಎಂದರೆ ಹೆತ್ತವರು ಬೇಸರಿಸಬಾರದು. ಗೋಡೆಯ ಸ್ವಿಚ್ ಆರಿಸಿ ಪ್ರಿಂಟರ್ ಬಂದ್ ಮಾಡುವುದು ನಮ್ಮ ಅಭ್ಯಾಸ. ಪ್ರಿಂಟರಿನದೇ ಗುಂಡಿ ಒತ್ತಿದರೆ ಅದು ತನ್ನ ಮುದ್ರಣ ತಲೆಯನ್ನು ಮೂಲೆಗೆ ಒಯ್ದು, ಮುಚ್ಚಳ ಹಾಕಿ ಮಲಗುತ್ತದೆ. ಮಧ್ಯದಲ್ಲೇ ಗೋಡೆಯ ಸ್ವಿಚ್ ಆರಿಸಿದರೆ ಮುಚ್ಚಳವಿಲ್ಲದ ಪೆನ್ನಿನ ಗತಿ. ಮೊದಲು ಗುಂಡಿ, ದೀಪ ಆರಿದ ಮೇಲೆ ಸ್ವಿಚ್. ವಾರಕ್ಕೊಮ್ಮೆ ಬಣ್ಣದ ಒಂದು ಪುಟ ಮುದ್ರಿಸುವುದೂ ಒಳ್ಳೆಯದು.

ಲೇಸರ್ ಪ್ರಿಂಟರಿನ ಕಾಯಿಲೆಗಳೇ ಬೇರೆ. ಅಲ್ಲಿರುವುದು ಶಾಯಿಯಲ್ಲ, ಟೋನರ್ ಎಂಬ ಪುಡಿ. ಸುಮಾರು 200 ಡಿಗ್ರಿ ಸೆಲ್ಸಿಯಸ್ ಕಾಯುವ ಉರುಳೆ ಅದನ್ನು ಕರಗಿಸಿ ಕಾಗದಕ್ಕೆ ಅಂಟಿಸುತ್ತದೆ. ಬೆರಳಾಡಿಸಿದರೆ ಅಕ್ಷರ ಅಳಿಸಿಹೋಗುತ್ತದೆಯೇ? ಉರುಳೆ ಸರಿಯಾಗಿ ಕಾಯುತ್ತಿಲ್ಲ. ಇದು ಅಂಗಡಿಗೆ ಒಯ್ಯಬೇಕಾದ ಕೆಲಸ. ಪುಟದುದ್ದಕ್ಕೂ ಒಂದೇ ಜಾಗದಲ್ಲಿ ಗೆರೆಯೇ, ಸಮಾನ ಅಂತರದಲ್ಲಿ ಅದೇ ಕಲೆಯೇ? ಡ್ರಮ್ಮಿನಲ್ಲಿ ಗೀರು ಅಥವಾ ಕೊಳೆ. ಆ ಉರುಳೆ ಕಾಯಲು ಒಮ್ಮೆಗೇ ತುಂಬ ಕರೆಂಟು ಎಳೆಯುವುದರಿಂದ ಲೇಸರ್ ಪ್ರಿಂಟರನ್ನು ಮನೆಯ ಚಿಕ್ಕ ಯುಪಿಎಸ್‌ಗೆ ಸಿಕ್ಕಿಸಬಾರದು.

ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗುವಂತೆ ಕಾಗದವೂ ತೇವ ಹೀರುತ್ತದೆ. ಹಾಳೆಗಳು ಒಂದಕ್ಕೊಂದು ಅಂಟಿ ಎರಡೆರಡು ಒಳಹೋಗುತ್ತವೆ, ಸುರುಳಿಯಾಗಿ ಸಿಕ್ಕಿಕೊಳ್ಳುತ್ತವೆ. ತಟ್ಟೆಯಲ್ಲಿ ಇಡೀ ಕಟ್ಟನ್ನು ತಿಂಗಳುಗಟ್ಟಲೆ ಬಿಡದೆ, ಬೇಕಾದಷ್ಟು ಹಾಕಿ ಉಳಿದದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಬೇಕು. ಸಿಕ್ಕಿಕೊಂಡ ಹಾಳೆಯನ್ನು ಪ್ರಿಂಟರ್ ಆರಿಸಿ, ಎರಡೂ ಕೈಯಿಂದ, ಕಾಗದ ಸಾಗುವ ದಿಕ್ಕಿನಲ್ಲೇ ನಿಧಾನವಾಗಿ ಎಳೆಯಬೇಕು. ಹರಿದರೆ ತುಣುಕುಗಳನ್ನು ಜೋಡಿಸಿ, ಹಾಳೆ ಪೂರ್ತಿ ಹೊರಬಂದಿದೆಯೇ ನೋಡಬೇಕು. ಒಳಗುಳಿದ ಉಗುರಿನಷ್ಟು ಚೂರು ಮುಂದಿನ ಹಾಳೆಯನ್ನೂ ಹಿಡಿದು ನಿಲ್ಲಿಸೀತು.

ಸಿಕ್ಕಿಕೊಂಡ ಕಾಗದದಿಂದ ದೊಡ್ಡದೊಂದು ಚಳವಳಿಯೇ ಹುಟ್ಟಿದ ಕಥೆಯೂ ಇದೆ. 1980ರ ಸುಮಾರಿಗೆ ಅಮೆರಿಕದ ಎಂಐಟಿಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬ ತರುಣ ಪ್ರೋಗ್ರಾಮರ್ ಇದ್ದರು. ಪ್ರಿಂಟರ್ ಬೇರೆ ಮಹಡಿಯಲ್ಲಿ. ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರಿಗೆಲ್ಲ ತಾನೇ ಸುದ್ದಿ ಮುಟ್ಟಿಸುವಂತೆ ಹಳೆಯ ಪ್ರಿಂಟರಿನ ತಂತ್ರಾಂಶವನ್ನು ಅವರು ತಿದ್ದಿದ್ದರು. ಹೊಸದಾಗಿ ಬಂದ ಜೆರಾಕ್ಸ್ ಲೇಸರ್ ಪ್ರಿಂಟರಿಗೂ ಹಾಗೆಯೇ ಮಾಡೋಣವೆಂದರೆ ಅದರ ಮೂಲ ಪ್ರೋಗ್ರಾಮನ್ನು ಕೊಡುವವರಿಲ್ಲ. ‘ನನ್ನೆದುರಿನ ಯಂತ್ರವನ್ನು ನಾನೇ ಸರಿಪಡಿಸಬಾರದೇಕೆ?’ ಎಂಬ ಈ ಸಿಟ್ಟೂ ಸೇರಿ, 1983ರಲ್ಲಿ ಅವರು ಗ್ನೂ ಯೋಜನೆ ಘೋಷಿಸಿದರು. ಇಂದಿನ ಲಿನಕ್ಸ್ ವ್ಯವಸ್ಥೆಗಳ ಬೇರು ಅಲ್ಲಿದೆ. ಹೊಸ ವಿಂಡೋಸ್‌ಗೆ ಡ್ರೈವರ್ ಸಿಗದೆ ಮೂಲೆಗುಂಪಾದ ಪ್ರಿಂಟರುಗಳಲ್ಲಿ ಎಷ್ಟೋ ಲಿನಕ್ಸ್‌ನಲ್ಲಿ ಈಗಲೂ ಓಡುತ್ತವೆ.

ಕನ್ನಡ ಹೋಗಿ ಇಂಗ್ಲಿಷ್ ಗೀಚು

ಕನ್ನಡದಲ್ಲಿ ಬರೆಯುವ ವಿದ್ಯಾರ್ಥಿಗಳಿಗೆ ಇನ್ನೊಂದು ಸಂಕಟ ಕಾದಿರುತ್ತದೆ. ಮನೆಯಲ್ಲಿ ಚೆಂದವಾಗಿ ಕಾಣುತ್ತಿದ್ದ ಪ್ರಬಂಧವನ್ನು ಪೆನ್‌ಡ್ರೈವಿನಲ್ಲಿ ಜೆರಾಕ್ಸ್ ಅಂಗಡಿಗೆ ಒಯ್ದು ತೆರೆದರೆ ಕನ್ನಡವೇ ಮಾಯ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ವೈರಸ್ ಎಂದು ಹೆದರಬೇಕಾಗಿಲ್ಲ, ಬರೆದದ್ದು ಹಾಳಾಗಿಯೂ ಇಲ್ಲ.

ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕಂಪ್ಯೂಟರ್ ಒಳಗೊಳಗೇ ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನೇ ಇಟ್ಟುಕೊಂಡು, ಮೇಲೆ ಕನ್ನಡದ ವೇಷ ತೊಡಿಸುತ್ತದೆ. ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ವೇಷ ಕಳಚಿಬೀಳುತ್ತದೆ. ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲೇ ತುಂಗಾ ಎಂಬ ಕನ್ನಡ ಯೂನಿಕೋಡ್ ಫಾಂಟ್ ಇತ್ತು. ಆದರೂ ಹಳೆಯ ಫಾಂಟುಗಳು ಕಚೇರಿಗಳಲ್ಲೂ ಟೈಪಿಂಗ್ ಅಂಗಡಿಗಳಲ್ಲೂ ಬಳಕೆಯಲ್ಲಿ ಉಳಿದುಕೊಂಡವು. ಇಷ್ಟು ಕಾಲವಾದ ಮೇಲೂ ಮಕ್ಕಳು ಇದಕ್ಕೆ ಬೆಲೆ ತೆರಬೇಕಾಗಿರುವುದು ಬೇಸರದ ಸಂಗತಿಯೇ.

ಹಳೆಯ ಫಾಂಟಿನಲ್ಲಿದ್ದುದನ್ನು ಯೂನಿಕೋಡಿಗೆ ಬದಲಿಸುವ ಸಾಧನಗಳಿವೆ. ಬದಲಿಸಿದ ಮೇಲೆ ಒತ್ತಕ್ಷರಗಳನ್ನೂ ಅಂಕಿಗಳನ್ನೂ ಒಮ್ಮೆ ಕಣ್ಣಾರೆ ಓದಿ ನೋಡಬೇಕು. ಅದಕ್ಕೆ ಸಮಯವಿಲ್ಲದಿದ್ದರೆ ಮನೆಯ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿಕೊಂಡು ಹೋಗುವುದು ಸುಲಭೋಪಾಯ. ಪಿಡಿಎಫ್ ಸಾಮಾನ್ಯವಾಗಿ ಫಾಂಟನ್ನು ತನ್ನೊಳಗೇ ಕಟ್ಟಿಕೊಂಡು ಹೋಗುತ್ತದೆ. ಅಂಗಡಿಗೆ ಹೊರಡುವ ಮೊದಲು ಅದನ್ನು ಮೊಬೈಲಿನಲ್ಲಿ ತೆರೆದು ನೋಡಿ. ಅಲ್ಲಿ ಕನ್ನಡ ಸರಿಯಾಗಿ ಕಂಡರೆ ಅಂಗಡಿಯಲ್ಲೂ ಕಂಡೀತು.

ಎಲ್ಲಿಯೋ ಕಾರಣ, ಎಲ್ಲಿಯೋ ನೋವು

ಇನ್ನು ಕಂಪ್ಯೂಟರಿನ ಸರದಿ. ಇದ್ದಕ್ಕಿದ್ದಂತೆ ಯಾವ ಜಾಲತಾಣ ತೆರೆದರೂ ‘ಇದು ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ. ಇಂಟರ್‌ನೆಟ್ ಕೊಟ್ಟವರಿಗೆ ಫೋನ್ ಮಾಡುವ ಮುನ್ನ ಪರದೆಯ ಮೂಲೆಯ ದಿನಾಂಕ ನೋಡಿ. ಎಷ್ಟೋ ವರ್ಷ ಹಿಂದಿನ ದಿನಾಂಕವಿದ್ದರೆ ಕಾರಣ ಅಲ್ಲೇ ಇದೆ. ಜಾಲತಾಣಗಳ ಭದ್ರತಾ ಪ್ರಮಾಣಪತ್ರಕ್ಕೆ ಆರಂಭ ಮತ್ತು ಅಂತ್ಯದ ದಿನಾಂಕಗಳಿರುತ್ತವೆ. ಕಂಪ್ಯೂಟರ್ ಹಳೆಯ ಕಾಲದಲ್ಲಿದ್ದರೆ ಅದರ ದೃಷ್ಟಿಯಲ್ಲಿ ಅವು ಇನ್ನೂ ಜಾರಿಗೇ ಬಂದಿಲ್ಲ! ದಿನಾಂಕ ಸರಿಪಡಿಸಿದರೂ ಪ್ರತಿ ಬೆಳಿಗ್ಗೆ ಹಿಂದೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಗುಂಡಿಯಾಕಾರದ ಬ್ಯಾಟರಿ ಸತ್ತಿದೆ. ಡೆಸ್ಕ್‌ಟಾಪುಗಳಲ್ಲಿ ಸಾಮಾನ್ಯವಾಗಿ ಇದು ಸಿಆರ್2032, ಮೂರು ವೋಲ್ಟಿನದು. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಎಂಬುದು ಆ ಹೆಸರಿನಲ್ಲೇ ಅಡಗಿದೆ. ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ.

ಲ್ಯಾಪ್‌ಟಾಪಿನ ಫ್ಯಾನ್ ಸದ್ದು ಮಾಡುತ್ತಿದೆ, ಪರದೆ ಮಾತ್ರ ಕಪ್ಪು. ಕತ್ತಲೆ ಕೋಣೆಯಲ್ಲಿ ಪರದೆಗೆ ಓರೆಯಾಗಿ ಟಾರ್ಚ್ ಬಿಡಿ. ಮಸುಕಾಗಿ ಚಿತ್ರ ಕಂಡರೆ ಕಂಪ್ಯೂಟರ್ ಬದುಕಿದೆ, ಪರದೆಯ ಹಿಂದಿನ ದೀಪ ಮಾತ್ರ ಹೋಗಿದೆ. ಡೆಸ್ಕ್‌ಟಾಪ್ ಆದರೆ ಮಾನಿಟರಿನ ಕೇಬಲ್ ಎರಡೂ ತುದಿಯಲ್ಲಿ ಬಿಗಿಯಾಗಿದೆಯೇ ನೋಡಿ. ಆಮೇಲೆ ಕರೆಂಟಿನ ವಯರ್ ಪೂರ್ತಿ ಕಳಚಿ, ರ್‍ಯಾಮ್ ಪಟ್ಟಿಯನ್ನು ತೆಗೆದು ಮತ್ತೆ ಗಟ್ಟಿಯಾಗಿ ಕೂರಿಸಿ. ನಮ್ಮ ಧೂಳಿಗೂ ತೇವಕ್ಕೂ ಸಡಿಲವಾಗುವ ಮೊದಲ ಭಾಗಗಳಲ್ಲಿ ಅದೂ ಒಂದು. ಆದರೆ ಎಸ್‌ಎಂಪಿಎಸ್ ಎಂಬ ಕರೆಂಟಿನ ಪೆಟ್ಟಿಗೆಯನ್ನು ಮನೆಯಲ್ಲಿ ಬಿಚ್ಚಲೇಬಾರದು. ವಯರ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ.

ನೀಲಿ ಪರದೆ ಕಂಡಾಗಲೆಲ್ಲ ಯಂತ್ರವೇ ಸತ್ತಿತೆಂದು ತೀರ್ಮಾನಿಸುವುದೂ ತಪ್ಪು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು; ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರು ಪರದಾಡಿದರು. ಅಷ್ಟೂ ಯಂತ್ರಗಳಲ್ಲಿ ಬೋರ್ಡ್ ಹೋಗಿರಲಿಲ್ಲ, ಫಾರ್ಮ್ಯಾಟೂ ಬೇಕಿರಲಿಲ್ಲ. ಸೇಫ್ ಮೋಡ್‌ನಲ್ಲಿ ತೆರೆದು ಆ ಒಂದು ಫೈಲ್ ಅಳಿಸುವುದೇ ಮದ್ದಾಗಿತ್ತು. ನೀಲಿ ಪರದೆಯಲ್ಲಿ ಕಾಣುವ ದೋಷದ ಹೆಸರನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ರಿಪೇರಿಯವರಿಗೆ ತೋರಿಸಬೇಕಾದ ಮೊದಲ ಕಾಗದವೇ ಅದು.

ಒಂದು ಸದ್ದಿಗೆ ಮಾತ್ರ ನಿಜವಾಗಿಯೂ ಹೆದರಬೇಕು. ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಎಂದು ಮತ್ತೆ ಮತ್ತೆ ಕೇಳಿಬಂದರೆ ಕೂಡಲೇ ಆರಿಸಿ. ‘ಇನ್ನೊಂದು ಸಲ ನೋಡೋಣ’ ಎಂದು ಪ್ರತಿ ಬಾರಿ ಹಚ್ಚಿದಾಗಲೂ ಉಳಿಸಬಹುದಾಗಿದ್ದ ಮಾಹಿತಿ ಕರಗುತ್ತ ಹೋಗುತ್ತದೆ. ಹೊಸ ಡಿಸ್ಕ್ ಅಂಗಡಿಯಲ್ಲಿ ಸಿಗುತ್ತದೆ, ನಾಲ್ಕು ತಿಂಗಳ ವರದಿ ಸಿಗುವುದಿಲ್ಲ. ವರದಿಯ ಒಂದು ಪ್ರತಿ ಕಂಪ್ಯೂಟರಿನಲ್ಲಿ, ಇನ್ನೊಂದು ಪೆನ್‌ಡ್ರೈವಿನಲ್ಲಿ, ಮತ್ತೊಂದು ತನಗೇ ಕಳಿಸಿಕೊಂಡ ಇ-ಮೇಲ್‌ನಲ್ಲಿ ಇದ್ದರೆ ಡಿಸ್ಕ್ ಏನು ಮಾಡಿಕೊಂಡರೂ ನಿದ್ದೆ ಕೆಡಬೇಕಾಗಿಲ್ಲ. ರಿಪೇರಿಗೆ ಕೊಡುವಾಗ ‘ಕೇಳದೆ ಫಾರ್ಮ್ಯಾಟ್ ಮಾಡಬಾರದು’ ಎಂದು ರಸೀದಿಯ ಮೇಲೆ ಬರೆಸಿಕೊಳ್ಳುವುದಕ್ಕೆ ಸಂಕೋಚ ಪಡಬೇಡಿ.

ಗಾಬರಿಯ ಗಳಿಗೆಯಲ್ಲಿ ಇಂಟರ್‌ನೆಟ್‌ನಲ್ಲಿ ಪ್ರಿಂಟರ್ ಕಂಪನಿಯ ‘ಸಹಾಯವಾಣಿ’ ಹುಡುಕಿ ಕಂಡ ಸಂಖ್ಯೆಗೆ ಫೋನ್ ಮಾಡುವವರನ್ನೇ ಕಾದು ಕುಳಿತ ವಂಚಕರಿದ್ದಾರೆ. ದೂರದಿಂದ ನಿಮ್ಮ ಕಂಪ್ಯೂಟರ್ ನಡೆಸುವ ಆ್ಯಪ್ ಹಾಕಿಸಿ, ಹತ್ತು ರೂಪಾಯಿ ‘ನೋಂದಣಿ ಶುಲ್ಕ’ ಕೇಳಿ, ಅಪ್ಪನ ಬ್ಯಾಂಕ್ ಖಾತೆಗೇ ಕೈಹಾಕುತ್ತಾರೆ. ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ಸಂಖ್ಯೆಗೆ ಕರೆಮಾಡಿ’ ಎಂದು ಅರಚುವ ಪರದೆಯೂ ಇದೇ ಜಾತಿಯದು. ಬ್ರೌಸರ್ ಮುಚ್ಚಿದರೆ ಅದರ ಆಟ ಸಾಮಾನ್ಯವಾಗಿ ಮುಗಿಯುತ್ತದೆ. ಕಂಪನಿಯ ಸಂಖ್ಯೆ ಬೇಕಿದ್ದರೆ ಪ್ರಿಂಟರಿನ ಪೆಟ್ಟಿಗೆ ಅಥವಾ ಕೈಪಿಡಿಯಲ್ಲಿ ನೋಡಿ. ಹಣ ಹೋಗಿದೆಯೆಂದು ತಿಳಿದರೆ ತಡಮಾಡದೆ 1930ಕ್ಕೆ ಕರೆಮಾಡಿ. ಅದು ಸೈಬರ್ ಅಪರಾಧಗಳ ರಾಷ್ಟ್ರೀಯ ಸಹಾಯವಾಣಿ.

ಇಷ್ಟೆಲ್ಲ ಮಾಡಿಯೂ ರಾತ್ರಿ ಹನ್ನೆರಡಕ್ಕೆ ಪ್ರಿಂಟರ್ ಬಾಯಿಬಿಡದಿದ್ದರೆ, ಪಿಡಿಎಫ್ ಮಾಡಿ ಮೊಬೈಲಿಗೆ ಹಾಕಿಕೊಂಡು ಮಲಗುವುದೇ ಸರಿ. ಬೆಳಿಗ್ಗೆ ಕಾಲೇಜಿನ ದಾರಿಯಲ್ಲಿ ಜೆರಾಕ್ಸ್ ಅಂಗಡಿ ತೆರೆದಿರುತ್ತದೆ. ವರದಿ ಮುದ್ರಿಸಿಕೊಂಡ ಮೇಲೆ ಅಂಗಡಿಯ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಿಂದ ನಿಮ್ಮ ಫೈಲನ್ನು ಅಳಿಸಿ, ತೆರೆದಿದ್ದ ಇ-ಮೇಲ್‌ನಿಂದ ಹೊರಬಂದು, ಪೆನ್‌ಡ್ರೈವ್ ಮರೆಯದೆ ತೆಗೆದುಕೊಂಡು ಬನ್ನಿ. ಆಧಾರ್ ಪ್ರತಿ, ಅಂಕಪಟ್ಟಿ ಮುದ್ರಿಸಿದ್ದರೆ ಅವನ್ನೂ ಅಳಿಸಿ, ರಿಸೈಕಲ್ ಬಿನ್ ಕೂಡ ಖಾಲಿ ಮಾಡಿಸಿಯೇ ಹೊರಡಿ.